ಕಿಸೆಯೊಳಗಿನ ಕಿವಿ

ವೈದ್ಯರಿಗೆ ಹೇಳಿದ ರೋಗದ ಮಾತು ಅವರಲ್ಲಿಯೇ ಉಳಿಯಬೇಕೆಂಬುದು ಹಿಂದಿನಿಂದ ಬಂದ ನಿಯಮ. ಊರಿನಿಂದ ಪುಣೆಗೆ ಚಿಕಿತ್ಸೆಗೆಂದು ಬಂದ ಹಿರಿಯರಿಗೆ ವೈದ್ಯರ ಮರಾಠಿ ಮಾತನ್ನು ತಿಳಿಸಲು, ರಕ್ತಪರೀಕ್ಷೆಯ ವರದಿಯನ್ನು ಬಿಡಿಸಿ ಹೇಳಲು ಇಂದು ಮೊಬೈಲ್ ಫೋನಿನೊಳಗಿನ ಕೃತಕ ಬುದ್ಧಿಮತ್ತೆಯ ಸಹಾಯಕ ಒದಗುತ್ತಾನೆ. ಉಪಕಾರವೇನೋ ನಿಜ, ಆದರೆ ಮನೆಯ ಗುಟ್ಟೂ ಅವನ ಕಿವಿಗೆ ಬೀಳುತ್ತದೆ.

ಕರೆದೊಡನೆ ಓಗೊಡುವ ಸೌಲಭ್ಯವಿದ್ದಲ್ಲಿ ಫೋನು ತನ್ನ ಸಂಕೇತಪದಕ್ಕಾಗಿ ಸದಾ ಆಲಿಸುತ್ತಿರುತ್ತದೆ. ಬೇರೆ ಮಾತನ್ನೇ ಆ ಪದವೆಂದು ತಪ್ಪಾಗಿ ಗ್ರಹಿಸಿದರೆ ಮನೆಯ ಸಂಭಾಷಣೆ ದೂರದ ಗಣಕಯಂತ್ರಗಳನ್ನು ಸೇರಬಹುದು. ತನ್ನ ಸಹಾಯಕನು ಪಡೆದ ಧ್ವನಿತುಣುಕುಗಳಲ್ಲಿ ಶೇಕಡಾ 0.2ರಷ್ಟನ್ನು ಭಾಷಾತಜ್ಞರು ಆಲಿಸುತ್ತಾರೆಂದು 2019ರಲ್ಲಿ ಗೂಗಲ್ ಸಂಸ್ಥೆಯೇ ತಿಳಿಸಿತ್ತು.

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ಸಾರಿತು. ಆ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ನ್ಯಾಯಾಲಯ ಹಕ್ಕನ್ನು ಎತ್ತಿಹಿಡಿಯಬಲ್ಲದು. ಮನೆಯೊಳಗೆ ಅದನ್ನು ಕಾಯಬೇಕಾದವರು ಮನೆಯವರೇ. ಬೇಡವಾದಾಗ ಧ್ವನಿಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸುವುದು, ಹಳೆಯ ಧ್ವನಿಮುದ್ರಣಗಳನ್ನು ಅಳಿಸುವುದು, ವರದಿಯನ್ನು ತೋರಿಸುವ ಮುನ್ನ ರೋಗಿಯ ಹೆಸರನ್ನು ಮರೆಮಾಡುವುದು – ಇಷ್ಟನ್ನು ಮಕ್ಕಳು ಹಿರಿಯರಿಗೆ ಮಾಡಿಕೊಡುವುದು ಔಷಧ ತಂದುಕೊಡುವಷ್ಟೇ ಅಗತ್ಯದ ಸೇವೆ.