ಕಮಲಾಪುರದ ದಾರಿಯಲ್ಲಿ 'ಕಾಮಗಾರಿ ಪ್ರಗತಿಯಲ್ಲಿದೆ': ಹೆದ್ದಾರಿ ಫಲಕಗಳನ್ನು ಓದುವುದು ಹೇಗೆ?

ಕರಾವಳಿಯಿಂದ ಕಲಬುರಗಿಗೆ ಹೋಗಿ ಬರುವ ನಮ್ಮವರ ಸಂಖ್ಯೆ ಕಡಿಮೆಯೇನಲ್ಲ. 2005ರಲ್ಲಿ ಗುಲ್ಬರ್ಗಾ ಧರ್ಮಪ್ರಾಂತ್ಯ ರಚನೆಯಾದ ಮೇಲಂತೂ ಅಲ್ಲಿ ಸೇವೆಯಲ್ಲಿರುವ ಗುರುಗಳನ್ನು, ಧರ್ಮಭಗಿನಿಯರನ್ನು ಕಾಣಲು ಕುಟುಂಬಸ್ಥರು ವಾಹನ ಮಾಡಿಕೊಂಡು ಹೊರಡುವುದು ವಾಡಿಕೆ. ಕಲಬುರಗಿಯಿಂದ ಬೀದರ್ ಕಡೆಗೆ ಹೋಗುವವರು ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕಮಲಾಪುರ, ಹುಮನಾಬಾದ್ ದಾಟಿ ಹೋಗಬೇಕು. ಹಳಬರಿಗೆ ಹುಮನಾಬಾದ್‌ವರೆಗಿನ ಈ ದಾರಿ 218 ಎಂಬ ಸಂಖ್ಯೆಯಿಂದ ಪರಿಚಿತ. ಕಮಲಾಪುರ ಎಂದರೆ ಕೆಂಪು ಬಾಳೆಹಣ್ಣು. ಆದರೆ 2022ರ ಜೂನ್ 3ರ ಬೆಳಿಗ್ಗೆ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಇದೇ ಕಮಲಾಪುರದ ಬಳಿ ಸರಕು ವಾಹನಕ್ಕೆ ಡಿಕ್ಕಿಯಾಗಿ ಬೆಂಕಿ ಹೊತ್ತಿಕೊಂಡು, ಕನಿಷ್ಠ ಏಳು ಮಂದಿ ಪ್ರಾಣ ಕಳೆದುಕೊಂಡದ್ದನ್ನೂ ನಾವು ಮರೆಯುವಂತಿಲ್ಲ.

ಕಳೆದ ಬಾರಿ ಆ ಕಡೆ ಹೋದಾಗ ಚಹಾ ಅಂಗಡಿಯವರೊಬ್ಬರು, "ನಿಧಾನಕ ಹೋಗ್ರಿ ಸರ್, ಮುಂದ ರೋಡ್ ಅಗದಾರ್ರಿ" ಎಂದರು. ಅಷ್ಟು ಸ್ಪಷ್ಟವಾಗಿ ಯಾವ ಫಲಕವೂ ನಮಗೆ ಹೇಳಿರಲಿಲ್ಲ! ಹಾಗೆಂದು ಫಲಕಗಳು ಏನೂ ಹೇಳುವುದಿಲ್ಲ ಎಂದಲ್ಲ. ಅವುಗಳ ಭಾಷೆ ನಮಗೆ ಗೊತ್ತಿರಬೇಕು, ಅಷ್ಟೆ.

ಕಾಮಗಾರಿ ನಡೆಯುವ ಹೆದ್ದಾರಿಯ ಸಂಚಾರ ವ್ಯವಸ್ಥೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯು ಎಸ್‌ಪಿ 55 ಎಂಬ ಮಾರ್ಗಸೂಚಿ ರೂಪಿಸಿದೆ. ಅದರಂತೆ ಕೆಲಸದ ಜಾಗವೆಂದರೆ ಅಗೆದ ಜಾಗ ಮಾತ್ರವಲ್ಲ. ಮೊದಲು ಬರುವುದು ಮುನ್ನೆಚ್ಚರಿಕೆಯ ಭಾಗ. ಗುದ್ದಲಿ ಹಿಡಿದ ಮನುಷ್ಯನ ಚಿತ್ರವಿರುವ ತ್ರಿಕೋನ ಫಲಕ ಕಂಡಿತೆಂದರೆ ವೇಗ ತಗ್ಗಿಸಬೇಕಾದದ್ದು ಅಲ್ಲಿಯೇ, ಗುಂಡಿ ಕಂಡಾಗ ಅಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಸಾಗಿರುತ್ತದೆ. ಬ್ರೇಕಿಗೆ ಕಾಲಿಡುವುದರೊಳಗೆ ಅಷ್ಟು ದೂರ ಕಳೆದೇ ಹೋಗುತ್ತದೆ. ಅನಂತರ ಡ್ರಮ್ಮು, ಕೋನುಗಳ ಸಾಲು ಓರೆಯಾಗಿ ನಮ್ಮನ್ನು ಪಕ್ಕಕ್ಕೆ ಸರಿಸುವ ಭಾಗ. ಹೆಚ್ಚು ಪರದಾಟ ಆಗುವುದು ಇಲ್ಲಿಯೇ, ಏಕೆಂದರೆ ಕೊನೆಯ ಗಳಿಗೆಯಲ್ಲಿ ಒಂದು ಲಾರಿಯನ್ನು ಹಿಂದೆ ಹಾಕಿಬಿಡೋಣ ಎಂದು ಎಲ್ಲರಿಗೂ ಅನ್ನಿಸುತ್ತದೆ. ಆಮೇಲೆ ಕೆಲಸದ ಭಾಗ, ಕೊನೆಗೆ ಮತ್ತೆ ಮೊದಲಿನ ದಾರಿಗೆ ಸೇರುವ ಭಾಗ. ಒಂದೇ ಸಾಲು ಬಿಟ್ಟಿರುವ ಕಡೆ ಬಾವುಟ ಹಿಡಿದವರ ಮಾತೇ ಕೊನೆಯದು. ಮುಂದಿನ ಕಾರು ಹೋಯಿತೆಂದು ಅದರ ಬೆನ್ನಿಗೆ ನುಗ್ಗಬಾರದು.

ಇನ್ನು ರಸ್ತೆಯ ಸ್ಥಿತಿ ಹೇಳುವ ಪದಗಳು. 'ಮಿಲ್ಲಿಂಗ್' ಆಗಿದೆ ಎಂದರೆ ಹಳೆಯ ಡಾಮರಿನ ಮೇಲ್ಪದರವನ್ನು ಯಂತ್ರದಿಂದ ಕೆರೆದಿದ್ದಾರೆ. ಉದ್ದುದ್ದ ಗೀರುಗಳಲ್ಲಿ ಬೈಕಿನ ಚಕ್ರ ಅತ್ತಿತ್ತ ಎಳೆಯುತ್ತದೆ. 'ಟ್ಯಾಕ್ ಕೋಟ್' ಎಂದರೆ ಹೊಸ ಪದರ ಅಂಟಲೆಂದು ಸಿಂಪಡಿಸಿದ ತೆಳು ಡಾಮರು. ನೋಡಲು ಕಪ್ಪಗೆ ಹೊಳೆಯುವ ಒಳ್ಳೆಯ ರಸ್ತೆಯಂತೆ ಕಂಡರೂ ಬಹಳ ಜಾರುತ್ತದೆ. 'ವೆಟ್ ಮಿಕ್ಸ್' ಎಂದರೆ ನೀರು ಬೆರೆಸಿ ಹಾಸಿದ ಜಲ್ಲಿಯ ಹಾಸು. ಒಣಗಿದರೆ ಧೂಳು, ಸಡಿಲ ಜಲ್ಲಿ ಸಿಡಿದು ಹಿಂದಿನವರ ಗಾಜಿಗೆ ಬಡಿಯುತ್ತದೆ. ಅಲ್ಲಿನವರು ಜಲ್ಲಿಯನ್ನು ಖಡಿ ಎನ್ನುತ್ತಾರೆ, ಅಂಚಿಗೆ ತುಂಬುವ ಮುರ್ರಂ ಮಣ್ಣನ್ನು ಗರಸು ಎನ್ನುತ್ತಾರೆ. ದಾರಿ ಕೇಳುವಾಗ ಈ ಮಾತುಗಳು ಉಪಯೋಗಕ್ಕೆ ಬರುತ್ತವೆ.

ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಅಪಾಯಕಾರಿ ಎಂದರೆ ಅಂಚಿನ ಇಳಿತ. ಡಾಮರಿನ ಮೇಲೆ ಡಾಮರು ಹಾಕಿ ರಸ್ತೆ ಎತ್ತರವಾಗುತ್ತದೆ, ಪಕ್ಕದ ಮಣ್ಣು ಮಾತ್ರ ಕೆಳಗೇ ಉಳಿಯುತ್ತದೆ. ಒಂದು ಚಕ್ರ ಕೆಳಗಿಳಿದಾಗ ಗಾಬರಿಯಿಂದ ಸ್ಟೇರಿಂಗನ್ನು ಥಟ್ಟನೆ ಬಲಕ್ಕೆ ತಿರುಗಿಸಿದರೆ ವಾಹನ ಮೇಲೆ ಹಾರಿ ಎದುರಿನ ಸಾಲಿಗೆ ಬೀಳುತ್ತದೆ. ಆಕ್ಸಿಲೇಟರ್‌ನಿಂದ ಕಾಲು ತೆಗೆದು, ವೇಗ ಚೆನ್ನಾಗಿ ತಗ್ಗಿದ ಮೇಲೆ ನಿಧಾನವಾಗಿ ಮೇಲೆ ಬರಬೇಕು.

ಕರಾವಳಿಯ ಕೆಂಪು ಮುರಕಲ್ಲಿನ ನೆಲದಲ್ಲಿ ಓಡಿಸಿ ಅಭ್ಯಾಸವಾದವರಿಗೆ ಕಲಬುರಗಿ ಜಿಲ್ಲೆಯ ಕಪ್ಪು ಎರೆಮಣ್ಣು ಹೊಸದು. ಇದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಅದಕ್ಕಾಗಿಯೇ ಅದರ ಮೇಲಿನ ರಸ್ತೆ ಅಲೆಯಲೆಯಾಗಿ ಏಳುವುದು. ಮಳೆಗಾಲದಲ್ಲಿ 'ಡೈವರ್ಶನ್' ಎಂಬ ಬಾಣದ ಗುರುತು ಎರೆಮಣ್ಣಿನ ಮೇಲೆ ಕರೆದೊಯ್ದರೆ ಮಣ್ಣು ಚಕ್ರಕ್ಕೆ ಅಂಟಿ ಬ್ರೇಕೇ ಹಿಡಿಯದು. ಎಡಕ್ಕೆ ಇಳಿಸಿ ನಿಲ್ಲಿಸುವ ಮೊದಲು ಎರಡು ಸಲ ಯೋಚಿಸಿ.

ರಾತ್ರಿಯ ಮಾತು ಬೇರೆಯೇ. ಹೊಸದಾಗಿ ಹಾಸಿದ ರಸ್ತೆಗೆ ಬಿಳಿಪಟ್ಟಿ ಬಳಿಯುವ ತನಕ ನಡುವೆ ಎಲ್ಲಿ, ಅಂಚು ಎಲ್ಲಿ ಎಂದು ತಿಳಿಯುವುದಿಲ್ಲ. ಕೆಟ್ಟು ನಿಂತ ಲಾರಿಯ ಸುತ್ತ ಇಟ್ಟ ಕಲ್ಲುಗಳು, ಲಾರಿ ಹೋದ ಮೇಲೂ ಅಲ್ಲಿಯೇ ಉಳಿದಿರುತ್ತವೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಪ್ರತಿಫಲಕ ಇರುತ್ತದೆಂದು ನಂಬಬೇಡಿ.

ಫಲಕವಿಲ್ಲದೆ ಅಗೆದು ಬಿಟ್ಟಿದ್ದರೆ ಸುಮ್ಮನೆ ಬೈದುಕೊಂಡು ಮುಂದೆ ಹೋಗುವ ಅಗತ್ಯವಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 198ಎ ಕಲಮಿನಂತೆ, ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣರಾದ ಗುತ್ತಿಗೆದಾರರಿಗೂ ಅಧಿಕಾರಿಗಳಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಅದೇ ಕಾಯ್ದೆಯ 134ಎ ಕಲಮು ಗಾಯಾಳುವಿಗೆ ನೆರವಾದವರಿಗೆ ಕಾನೂನಿನ ರಕ್ಷಣೆ ಕೊಡುತ್ತದೆ. ಪೊಲೀಸ್ ತೊಂದರೆಗೆ ಹೆದರಿ ಮುಂದೆ ಹೋಗಬೇಕಿಲ್ಲ. ರಾಷ್ಟ್ರೀಯ ಹೆದ್ದಾರಿಯ ದೂರಿಗೆ 1033, ತುರ್ತು ನೆರವಿಗೆ 112ಕ್ಕೆ ಕರೆ ಮಾಡಿ. ಕರೆ ಮಾಡುವಾಗ 'ಕಮಲಾಪುರದ ಹತ್ತಿರ' ಎಂದಷ್ಟೇ ಹೇಳಿದರೆ ಸಾಲದು. ರಸ್ತೆ ಬದಿಯಲ್ಲಿ ಹಳದಿ ತಲೆಯ ಕಿಲೋಮೀಟರ್ ಕಲ್ಲು ಇರುತ್ತದೆ. ಅದರ ಮೇಲಿನ ಅಂಕಿಯನ್ನು ಓದಿ ಹೇಳಿ.