ಶನಿವಾರ ರಾತ್ರಿಯ ಲಾವಣಿ

ಶನಿವಾರ ರಾತ್ರಿ ಒಂಬತ್ತರಿಂದ ಹತ್ತರವರೆಗೆ ಯಾರೇ ಫೋನ್ ಮಾಡಿದರೂ ನಾನು ಎತ್ತುವುದಿಲ್ಲ. ಆಫೀಸಿನವರಿಗೂ ಇದು ಗೊತ್ತು, ಗೆಳತಿಯರಿಗೂ ಗೊತ್ತು. ಆ ಹೊತ್ತಿಗೆ ರೇಡಿಯೋದಲ್ಲಿ ಹಳೆಯ ರಾಕ್ ಹಾಡುಗಳ ಕಾರ್ಯಕ್ರಮ ಬರುತ್ತದೆ. ಅರವತ್ತು, ಎಪ್ಪತ್ತರ ದಶಕದ ಹಾಡುಗಳು. ನಡುನಡುವೆ ನಿರೂಪಕ ಆ ಹಾಡು ಹುಟ್ಟಿದ ಕತೆ ಹೇಳುತ್ತಾನೆ. ಡೊಂಬಿವಲಿಯ ನನ್ನ ಮೂರನೇ ಮಹಡಿಯ ಮನೆಯಲ್ಲಿ ಅಡುಗೆಮನೆಯ ಕಿಟಕಿಯ ಹತ್ತಿರ ಇಟ್ಟರೆ ಮಾತ್ರ ಸ್ಟೇಷನ್ ಸ್ಪಷ್ಟವಾಗಿ ಸಿಗುತ್ತದೆ. ಹೀಗಾಗಿ ವಾರಕ್ಕೊಮ್ಮೆ ಗ್ಯಾಸ್ ಕಟ್ಟೆಯ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ.

ಬೈಲಹೊಂಗಲದ ಹತ್ತಿರದ ಹಳ್ಳಿಯ ಕನ್ನಡ ಮಾಸ್ತರರ ಮಗಳು ನಾನು. ನಮ್ಮ ಮನೆಯಲ್ಲಿ ರೇಡಿಯೋ ಎಂದರೆ ಆಕಾಶವಾಣಿ ಧಾರವಾಡ. ಬೆಳಿಗ್ಗೆ ವಚನ, ಸಂಜೆ ಕೃಷಿರಂಗ. ಗಿಟಾರ್ ಅನ್ನೋದನ್ನು ನಾನು ಸಿನಿಮಾದಲ್ಲಷ್ಟೇ ನೋಡಿದ್ದೆ.

2009ರಲ್ಲಿ ವಿಮಾ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ಮುಂಬೈಗೆ ಬಂದೆ. ದಾದರಿನ ಹಾಸ್ಟೆಲಿನಲ್ಲಿ ಶಿಲ್ಲಾಂಗಿನ ನರ್ಸ್ ಒಬ್ಬಳು ನನ್ನ ರೂಮ್‌ಮೇಟ್. ನನಗೆ ಹಿಂದಿ ಅಷ್ಟಕ್ಕಷ್ಟೆ, ಅವಳಿಗೂ ಹಾಗೇ. ಊಟದ ಬಗ್ಗೆಯಾಗಲಿ, ಊರಿನ ಬಗ್ಗೆಯಾಗಲಿ ನಾವಿಬ್ಬರೂ ಹೆಚ್ಚು ಮಾತಾಡಿದವರಲ್ಲ. ಆದರೆ ಶನಿವಾರ ಅವಳು ತನ್ನ ಪುಟ್ಟ ಟ್ರಾನ್ಸಿಸ್ಟರ್ ಹಚ್ಚಿದಳೆಂದರೆ ಬೇರೆಯೇ ಮನುಷ್ಯಳು. ಅವಳ ಊರಿನಲ್ಲಿ ಲೂ ಮಾಜಾವ್ ಎಂಬ ಗಾಯಕ 1972ರಿಂದ ಪ್ರತಿವರ್ಷ ಮೇ 24ರಂದು ಬಾಬ್ ಡಿಲನ್ ಹುಟ್ಟುಹಬ್ಬವನ್ನು ಹಾಡಿ ಆಚರಿಸುತ್ತಾರಂತೆ. ನಮ್ಮಲ್ಲಿ ಜಾತ್ರೆ ಇದ್ದ ಹಾಗೆ ಅವರಿಗೆ ಅದು. ಮೂರು ವರ್ಷದ ನಂತರ ಅವಳು ಊರಿಗೆ ಹೊರಟಾಗ ಟ್ರಾನ್ಸಿಸ್ಟರನ್ನು ನನ್ನ ಹಾಸಿಗೆಯ ಮೇಲೆ ಬಿಟ್ಟುಹೋದಳು.

ಈಗ ಮೊಬೈಲ್‌ನಲ್ಲಿ ಯಾವ ಹಾಡು ಬೇಕೆಂದರೂ ಕ್ಷಣದಲ್ಲಿ ಸಿಗುತ್ತದೆ, ಮತ್ತೆ ರೇಡಿಯೋ ಯಾಕೆ ಎಂದು ಕೇಳುವವರಿದ್ದಾರೆ. ಮೊಬೈಲ್‌ನಲ್ಲಿ ನಾನು ನನಗೆ ಗೊತ್ತಿರುವುದನ್ನೇ ಮತ್ತೆ ಮತ್ತೆ ಕೇಳುತ್ತೇನೆ. ರೇಡಿಯೋದಲ್ಲಿ ಅವರು ಬಡಿಸಿದ್ದನ್ನು ಉಣ್ಣಬೇಕು. ಸೇರದ ಹಾಡನ್ನೂ ಕೇಳಬೇಕು, ಮುಂದಿನದಕ್ಕೆ ಕಾಯಬೇಕು. ಪರಊರಲ್ಲಿ ಒಂಟಿಯಾಗಿರುವವರಿಗೆ, ಇದೇ ಹೊತ್ತಿನಲ್ಲಿ ಇನ್ನೂ ಯಾರೋ ಇದೇ ಹಾಡು ಕೇಳುತ್ತಿದ್ದಾರೆ ಎಂಬುದು ಸಣ್ಣ ಸಮಾಧಾನವಲ್ಲ.

ಇನ್ನು ಅಪ್ಪನ ವಿಷಯ. ನಾನು ಮುಂಬೈಗೆ ಹೊರಡುವುದು ಅವರಿಗೆ ಮನಸ್ಸಿರಲಿಲ್ಲ. ತಮ್ಮ ಹಾಗೆ ನಾನೂ ಮಾಸ್ತರಿಕೆ ಹಿಡಿದು ತಾಲೂಕಿನೊಳಗೇ ಇರಲಿ ಎಂಬ ಆಸೆ. ಹೊರಟ ದಿನ ಅವ್ವ ಬಸ್‌ಸ್ಟ್ಯಾಂಡಿಗೆ ಬಂದಳು, ಅಪ್ಪ ಬರಲಿಲ್ಲ. ಆಮೇಲೆ ಫೋನಿನಲ್ಲಿ ನಮ್ಮಿಬ್ಬರ ಮಾತೆಲ್ಲ ನಾಲ್ಕು ಶಬ್ದಕ್ಕೆ ಇಳಿಯಿತು. ‘ಊಟ ಆತೇನು?’ ‘ಆತು.’ ‘ಇಡ್ಲೇನು?’ ‘ಇಡು.’ ಉಳಿದ ಸುದ್ದಿಯೆಲ್ಲ ಅವ್ವನ ಮೂಲಕ. ಎರಡು ವರ್ಷದ ಹಿಂದೆ ಅವ್ವ ತೀರಿಕೊಂಡ ಮೇಲೆ ಆ ದಾರಿಯೂ ಮುಚ್ಚಿತು.

ಕಳೆದ ಮಳೆಗಾಲದಲ್ಲಿ ಅಪ್ಪನ ಕಣ್ಣಿನ ಪೊರೆ ತೆಗೆಸಲು ಇಲ್ಲಿಗೇ ಕರೆದುಕೊಂಡು ಬಂದೆ. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಕೆಲವು ದಿನ ಓದಬೇಡಿ, ಟಿವಿ ನೋಡಬೇಡಿ ಎಂದರು ಡಾಕ್ಟರು. ದಿನಕ್ಕೆ ಎರಡು ಪೇಪರ್ ಓದುವ ಮನುಷ್ಯ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆ ನೋಡುತ್ತ ಕೂತರು. ಆ ಶನಿವಾರ ರೇಡಿಯೋ ಹಚ್ಚಲೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಸಣ್ಣ ದನಿಯಲ್ಲಿ ಹಚ್ಚಿದೆ.

ಡೀಪ್ ಪರ್ಪಲ್ ತಂಡದ ‘ಸ್ಮೋಕ್ ಆನ್ ದ ವಾಟರ್’ ಬಂತು. ರಿಚಿ ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ನಾಲ್ಕೇ ಸ್ವರಗಳನ್ನು ತಿರುಗಿಸಿ ಮುರುಗಿಸಿ ನುಡಿಸುವ ಆರಂಭ ಅದರದು. ‘ಏನ್ ಹೇಳಾಕತ್ತಾನ ಅಂವಾ?’ ಎಂದು ಒಳಗಿನಿಂದ ಅಪ್ಪ ಕೇಳಿದರು.

ಹೇಳಿದೆ. 1971ರ ಡಿಸೆಂಬರ್ 4. ಸ್ವಿಟ್ಜರ್ಲೆಂಡಿನ ಮೊಂಟ್ರೋ ಎಂಬ ಊರು, ಜಿನೀವಾ ಸರೋವರದ ದಂಡೆ. ಈ ತಂಡದವರು ಅಲ್ಲಿನ ಕ್ಯಾಸಿನೋದಲ್ಲಿ ಹಾಡು ರೆಕಾರ್ಡ್ ಮಾಡಲು ಬಂದಿದ್ದರು. ಅವತ್ತು ಅಲ್ಲಿ ಫ್ರ್ಯಾಂಕ್ ಝಪ್ಪಾ ಎಂಬುವರ ಕಛೇರಿ. ನೋಡಲು ಬಂದವನೊಬ್ಬ ಫ್ಲೇರ್ ಗನ್ ಹಾರಿಸಿದ, ಚಾವಣಿಗೆ ಬೆಂಕಿ ಹತ್ತಿತು, ಇಡೀ ಕಟ್ಟಡ ಸುಟ್ಟುಹೋಯಿತು. ಕ್ಲೋಡ್ ನೋಬ್ಸ್ ಎಂಬ ಸಂಘಟಕ ಒಳಗೆ ನುಗ್ಗಿ ಹುಡುಗರನ್ನು ಹೊರಗೆ ತಂದ. ಹೊಗೆ ನೀರಿನ ಮೇಲೆ ಹರಡಿದ್ದನ್ನು ಇವರು ದೂರದಿಂದ ನೋಡಿದರು. ಆಮೇಲೆ ಖಾಲಿಯಿದ್ದ ಗ್ರ್ಯಾಂಡ್ ಹೋಟೆಲಿನ ಪಡಸಾಲೆಯಲ್ಲಿ ಹಾಸಿಗೆ ಅಡ್ಡ ಇಟ್ಟುಕೊಂಡು ರೆಕಾರ್ಡಿಂಗ್ ಮುಗಿಸಿದರು. ನಡೆದದ್ದನ್ನೆಲ್ಲ ಹಾಡಿನಲ್ಲೇ ಹೇಳಿದ್ದಾರೆ, ಆ ಕ್ಲೋಡ್‌ನ ಹೆಸರೂ ಇದೆ.

‘ಮಂದಿ ಸತ್ರೇನು?’

‘ಇಲ್ಲಪಾ, ಎಲ್ಲಾರೂ ಪಾರಾದ್ರು.’

ಅಪ್ಪ ಎದ್ದು ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ‘ಯವ್ವಾ, ಇದು ಲಾವಣಿ ಐತಲ್ಲ!’ ಎಂದರು.

ಮೂವತ್ತೈದು ವರ್ಷ ಮಕ್ಕಳಿಗೆ ಹಲಗಲಿ ಬೇಡರ ಲಾವಣಿ ಕಲಿಸಿದವರು ಅವರು. 1857ರಲ್ಲಿ ಹತಾರ ಒಪ್ಪಿಸಿರಿ ಎಂದು ಕಂಪನಿ ಸರ್ಕಾರ ಹುಕುಂ ಮಾಡಿತು, ಬೇಡರು ಒಪ್ಪಲಿಲ್ಲ, ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಯಾವ ಊರು, ಯಾರ್‍ಯಾರು ಇದ್ದರು, ಏನಾಯಿತು ಎಂಬುದನ್ನೆಲ್ಲ ಲಾವಣಿಕಾರ ಹಾಡಿಟ್ಟ. ‘ಪೇಪರ್ ಇಲ್ಲದ ಕಾಲದಾಗ ಅದ ಪೇಪರ್ ಆಗಿತ್ತು. ಇವರೂ ಹಂಗ ಮಾಡ್ಯಾರ. ತುಂತುಣಿ ಬದಲಿ ಗಿಟಾರ್, ಅಷ್ಟ’ ಎಂದರು. ಹತ್ತು ವರ್ಷ ನಾನು ಕೇಳಿದ ಹಾಡು ಅದು. ನನಗೆ ಇದು ಹೊಳೆದಿರಲಿಲ್ಲ.

ಮುಂದಿನ ಶನಿವಾರ ಅಪ್ಪ ಎಂಟೂವರೆಗೇ ಊಟ ಮುಗಿಸಿ ಸ್ಟೂಲಿನ ಮೇಲೆ ಕೂತಿದ್ದರು. ಅವತ್ತು ಕ್ವೀನ್ ತಂಡದ ‘ಬೊಹೀಮಿಯನ್ ರಾಪ್ಸಡಿ’. 1975ರದು, ಹತ್ತಿರ ಹತ್ತಿರ ಆರು ನಿಮಿಷದ ಹಾಡು. ಹಾಡಿದ ಫ್ರೆಡ್ಡಿ ಮರ್ಕ್ಯುರಿ ಪಾರ್ಸಿ ಮನೆಯ ಹುಡುಗ, ಮೂಲ ಹೆಸರು ಫಾರೂಖ್ ಬಲ್ಸಾರಾ, ಹುಟ್ಟಿದ್ದು ಜಾಂಜಿಬಾರಿನಲ್ಲಿ ಎಂದೆ. ಎಂಟು ವರ್ಷದವನಿದ್ದಾಗ ಅಪ್ಪ ಅಮ್ಮ ಅವನನ್ನು ಓದಲು ನಮ್ಮ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಗೆ ಕಳಿಸಿದ್ದರು, ಮೊದಲ ಬ್ಯಾಂಡ್ ಕಟ್ಟಿದ್ದೂ ಅಲ್ಲೇ ಎಂದೆ. ಅಪ್ಪನಿಗೆ ಪಂಚಗಣಿ ಗೊತ್ತು. ಒಮ್ಮೆ ಶಾಲೆಯ ಟ್ರಿಪ್ ಮಹಾಬಳೇಶ್ವರಕ್ಕೆ ಹೋದಾಗ ಅಲ್ಲಿ ಇಳಿದಿದ್ದರಂತೆ.

‘ಆಫ್ರಿಕಾದಿಂದ ಪಂಚಗಣಿಗೆ? ಎಂಟು ವರ್ಷದ ಕೂಸನ್ನ?’ ಎಂದರು. ಹಾಡು ಮುಗಿಯುವವರೆಗೆ ಮಾತಿಲ್ಲ. ಜಾಹೀರಾತು ಶುರುವಾದಾಗ, ಕಪ್ಪು ಕನ್ನಡಕ ಕಿಟಕಿಯ ಕಡೆ ತಿರುಗಿಸಿಕೊಂಡೇ, ‘ನೀ ಹೊಂಟಾಗ ನಾ ಬಸ್‌ಸ್ಟ್ಯಾಂಡಿಗೆ ಬರಲಿಲ್ಲ’ ಎಂದರು.

‘ಹೌದು.’

‘ಬರಬೇಕಿತ್ತು.’

ನಾನು ಏನೂ ಹೇಳಲಿಲ್ಲ. ಮುಂದಿನ ಹಾಡು ಯಾವುದು ಬಂತೋ, ನಿಜಕ್ಕೂ ನೆನಪಿಲ್ಲ.

ಆರು ವಾರ ಇದ್ದು ಅಪ್ಪ ಊರಿಗೆ ಮರಳಿದರು. ಇಲ್ಲೇ ಇರಿ ಎಂದೆ, ಒಪ್ಪಲಿಲ್ಲ. ಮನೆ, ಹಿತ್ತಲು, ಕಟ್ಟೆಯ ಮೇಲಿನ ಗೆಳೆಯರು ಎಲ್ಲ ಅಲ್ಲೇ ಇದ್ದಾರೆ. ನನ್ನ ನೌಕರಿ ಇಲ್ಲಿದೆ. ಅದೇನೂ ಬದಲಾಗಲಿಲ್ಲ. ಬೈಲಹೊಂಗಲದವರೆಗೆ ಮುಂಬೈಯ ಎಫ್‌ಎಂ ತಲುಪುವುದೂ ಇಲ್ಲ.

ಹಾಗಾಗಿ ಶನಿವಾರ ಒಂಬತ್ತಕ್ಕೆ ಐದು ನಿಮಿಷ ಇರುವಾಗ ನಾನೇ ಅಪ್ಪನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ರೇಡಿಯೋದ ಮುಂದೆ ಇಡುತ್ತೇನೆ. ಆ ಹೊತ್ತಿನಲ್ಲಿ ನನ್ನ ಫೋನ್ ಯಾರಿಗೂ ಸಿಗದೇ ಇರಲು ಕಾರಣ ಇದು. ಅಲ್ಲಿಗೆ ಹಾಡು ಎಷ್ಟರಮಟ್ಟಿಗೆ ಕೇಳುತ್ತದೋ ಗೊತ್ತಿಲ್ಲ, ಅರ್ಧ ಹಾಡು, ಅರ್ಧ ಗರಗರ ಇರಬೇಕು.

ಕಳೆದ ವಾರ ಹಾಡಿನ ನಡುವೆಯೇ ಅಪ್ಪನ ದನಿ ಬಂತು: ‘ಇದು ಲಾವಣಿ ಅಲ್ಲ ನೋಡು, ಬರೇ ಗದ್ದಲ.’

‘ಹಂಗಾರ ಇಡ್ಲೇನು?’ ಎಂದೆ.

‘ಬ್ಯಾಡ, ಮುಗೀಲಿ’ ಎಂದರು.