ಪಾತ್ರೆಯಲ್ಲಿದ್ದ ದ್ರಾಕ್ಷಾರಸ

ಹುದುಗಿದ ಪಾನಕ್ಕೂ ಹುದುಗದ ರಸಕ್ಕೂ ನಾವು ‘ದ್ರಾಕ್ಷಾರಸ’ವೆಂಬ ಒಂದೇ ಪದವನ್ನು ಬಳಸುತ್ತೇವೆ. ಮೂಲಭಾಷೆಗಳು ಇಷ್ಟು ಉದಾರವಾಗಿಲ್ಲ. ಹೀಬ್ರೂವಿನಲ್ಲಿ ಸಾಮಾನ್ಯ ಪದ ‘ಯಾಯಿನ್’, ಹೊಸ ರಸಕ್ಕೆ ‘ತೀರೋಷ್’, ಗ್ರೀಕಿನಲ್ಲಿ ‘ಓಯ್ನೊಸ್’. ಆದರೆ ಕರ್ತನ ಭೋಜನದ ವೃತ್ತಾಂತಗಳಲ್ಲಿ ‘ಓಯ್ನೊಸ್’ ಬರುವುದೇ ಇಲ್ಲ. ಅಲ್ಲಿರುವುದು ದ್ರಾಕ್ಷಿಬಳ್ಳಿಯ ಫಲವೆಂಬ ಮಾತು.

ಇದನ್ನೇ ಆಧರಿಸಿ ಆ ಪಾತ್ರೆಯಲ್ಲಿದ್ದುದು ಹುದುಗದ ರಸವೆಂದು ಕೆಲವರು ವಾದಿಸುವುದುಂಟು. ವಾದ ನಿಲ್ಲದು. ಪಾಲೆಸ್ತೀನದಲ್ಲಿ ದ್ರಾಕ್ಷಿಯ ಸುಗ್ಗಿ ಬೇಸಿಗೆಯ ಕೊನೆಗೆ, ಪಸ್ಕಹಬ್ಬ ವಸಂತದಲ್ಲಿ. ಹಿಂಡಿದ ರಸವು ಹಣ್ಣಿನ ಸಿಪ್ಪೆಯ ಮೇಲಿನ ಯೀಸ್ಟಿನಿಂದ ಕೆಲವೇ ದಿನಗಳಲ್ಲಿ ಹುದುಗತೊಡಗುತ್ತದೆ. ತಿಂಗಳುಗಟ್ಟಲೆ ಅದನ್ನು ಹಾಗೆಯೇ ಇರಿಸುವ ಸುಲಭೋಪಾಯ ಅಂದು ಇರಲಿಲ್ಲ. ಎರಡನೆಯ ಶತಮಾನದ ಯುಸ್ತಿನನು ವರ್ಣಿಸುವುದೂ ನೀರು ಬೆರೆಸಿದ ದ್ರಾಕ್ಷಾರಸವನ್ನೇ. ಅರ್ಮೇನಿಯದ ಸಭೆಯಾದರೋ ನೀರನ್ನು ಬೆರೆಸದು.

ಹುದುಗದ ರಸ ಪ್ರಭುಭೋಜನದ ಮೇಜಿಗೆ ವ್ಯಾಪಕವಾಗಿ ಬಂದದ್ದು ಪಾಶ್ಚರನ ಶೋಧದ ನಂತರ. 1869ರಲ್ಲಿ ಅಮೆರಿಕದ ಮೆಥೊಡಿಸ್ಟ್ ದಂತವೈದ್ಯ ಥಾಮಸ್ ವೆಲ್ಚ್ ರಸವನ್ನು ಕಾಯಿಸಿ, ಹುದುಗದಂತೆ ಸೀಸೆಗಳಲ್ಲಿ ಭದ್ರಪಡಿಸಿದನು. ಪಾನನಿರೋಧದ ಕಾಳಜಿಯೇ ಅದರ ಪ್ರೇರಣೆ. ಕುಡಿತದಿಂದ ಬಿಡುಗಡೆ ಹೊಂದಿದವನು ಪೀಠದ ಮುಂದೆ ಮೊಣಕಾಲೂರಿದಾಗ ಅವನಿಗೆ ಏನನ್ನು ಕೊಡಬೇಕೆಂಬ ಪ್ರಶ್ನೆ ಸಭಾಪಾಲಕನಿಗೆ ನಿಜವಾದುದು. ಅದಕ್ಕೆ ಕೊಡುವ ಉತ್ತರಕ್ಕೆ ಇತಿಹಾಸವನ್ನು ತಿದ್ದಬೇಕಾಗಿಲ್ಲ. ರೋಮನ್ ಕಥೋಲಿಕ ಸಭೆಯ ಧರ್ಮಶಾಸನವು ದ್ರಾಕ್ಷಿಯಿಂದಲೇ ಆದ, ಕೆಡದ, ಸಹಜ ದ್ರಾಕ್ಷಾರಸವನ್ನು ವಿಧಿಸುತ್ತದೆ. ಆದರೂ ಮದ್ಯವನ್ನು ಸೇವಿಸಲಾಗದ ಯಾಜಕನು ಬಿಷಪರ ಅನುಮತಿ ಪಡೆದು ‘ಮುಸ್ತುಂ’ ಎಂಬ ರಸವನ್ನು ಬಳಸಬಹುದು. ಅದು ಹುದುಗಲಾರಂಭಿಸಿದೊಡನೆ ತಡೆಹಿಡಿದ ರಸ.